ಎಂಟನೇ ನಿಯಮ

ಪುಟ್ಟೀ,

ನೀನು ಮಲಗಿದ್ದೀಯ. ನಾಲ್ಕಕ್ಕೆ ಕ್ಯಾಬ್ ಬರುತ್ತದೆ. ಊಟದ ಹೊತ್ತಲ್ಲಿ ನಾನಾಡಿದ ಮಾತು ಇಬ್ಬರಿಗೂ ನೆನಪಿದೆ, ಮತ್ತೆ ಬರೆಯಲ್ಲ. ಅಷ್ಟು ಜೋರಾಗಿ ಹೇಳಬಾರದಿತ್ತು.

ಮೊದಲು ನನಗೆ ಭಯವೇ ಇರಲಿಲ್ಲ ಕಣೇ. ನೀವು ಸ್ಕೀ ಹಾಕಿಕೊಂಡು ಹೊರಡುವ ನಾರ್ವೆಯ ಫಿನ್ಸೆ ಸ್ಟೇಷನ್ 1222 ಮೀಟರ್ ಎತ್ತರ ಅಂತ ಓದಿ, ಇಷ್ಟೇನಾ, ನಮ್ಮ ಬೆಂಗಳೂರೇ 900 ಮೀಟರ್ ಮೇಲಿದೆ, ಕುಮಾರಪರ್ವತ 1712 ಇದೆ ಅಂತ ನಕ್ಕಿದ್ದೆ. ಆಮೇಲೆ ಪೂರ್ತಿ ಓದಿದೆ. ಅಲ್ಲಿಗೆ ರಸ್ತೆಯಿಲ್ಲ, ರೈಲೊಂದೇ. ಅಲ್ಲಿಂದ ನೀವು ಹೋಗುವ ಹಾರ್ಡಂಗರ್‌ವಿಡ್ಡ ಅಂದರೆ ಬೆಟ್ಟದ ಮೇಲೊಂದು ಬಟಾಬಯಲು, ಗಾಳಿಗೆ ಅಡ್ಡ ಮರವೂ ಇಲ್ಲ. ಮುಂದೆ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸನ್ 1896ರಲ್ಲಿ ಅಲ್ಲೇ ದಾರಿ ತಪ್ಪಿ, ಹಿಮದಲ್ಲಿ ಗುಂಡಿ ತೋಡಿ ಮಲಗಿ, ಬೆಳಗಾಗುವಷ್ಟರಲ್ಲಿ ಸುತ್ತ ಹಿಮ ಗಟ್ಟಿಯಾಗಿ, ಕೊನೆಗೆ ಜೊತೆಗಿದ್ದ ಅಣ್ಣನೇ ಅಗೆದು ಹೊರಗೆಳೆದನಂತೆ. ಹೊರಡುವ ಹಿಂದಿನ ದಿನ ಇದನ್ನೆಲ್ಲ ಯಾಕೆ ಓದಿದೆನೋ.

ಕುಮಾರಪರ್ವತ ಅಂದರೆ ನಿನಗೆ ನೆನಪಿರುವುದು ಜಿಗಣೆ, ಮೊಸರನ್ನ. ನನಗೆ ಮಂಜು. ನಿನಗೆ ಹನ್ನೊಂದು ವರ್ಷ. ಕಲ್ಲುಮಂಟಪ ದಾಟಿದ್ದೆವು. ಕೆಳಗಿಳಿಯುತ್ತಿದ್ದ ಹುಡುಗರು, ಸಾರ್ ಮಗು ಇದೆ, ವಾಪಸ್ ಹೋಗಿ ಅಂದರು. ಆಫೀಸಿನವರು ಇಬ್ಬರು ಜೊತೆಗಿದ್ದರಲ್ಲ, ಅವರ ಮುಂದೆ ಹೇಗೆ ತಿರುಗಲಿ ಅಂತ ನಡೆದೇಬಿಟ್ಟೆ. ಶಾರ್ಟ್‌ಕಟ್ ಅಂತ ನಿನಗೆ ಹೇಳಿದೆನಲ್ಲ, ಅದು ಸುಳ್ಳು. ದಾರಿ ತಪ್ಪಿತ್ತು. ನಿನ್ನ ಕೆಂಪು ಟೋಪಿ ನಾಲ್ಕು ಹೆಜ್ಜೆ ಮುಂದಿತ್ತು, ಇದ್ದಕ್ಕಿದ್ದಂತೆ ಇಲ್ಲ. ಕೂಗಿದೆ. ಉತ್ತರವಿಲ್ಲ. ಎರಡು ನಿಮಿಷ ಇರಬಹುದು, ಜಾಸ್ತಿ ಇರಲಾರದು. ನೀನು ಶೂ ಲೇಸ್ ಕಟ್ಟುತ್ತಾ ಹುಲ್ಲಲ್ಲಿ ಕೂತಿದ್ದೆ, "ಏನಪ್ಪಾ?" ಅಂದೆ. ಏನಿಲ್ಲ ಅಂದೆ. ಅಮ್ಮನಿಗೆ ಈಗಲೂ ಹೇಳಿಲ್ಲ. ಈಗಲೂ ಒಮ್ಮೊಮ್ಮೆ ಬಾತ್‌ರೂಮಲ್ಲಿ ಹಬೆ ತುಂಬಿದರೂ ಆ ಟೋಪಿ ಹುಡುಕುತ್ತೇನೆ, ಹುಚ್ಚು ನೋಡು.

ನಾರ್ವೆಯವರು ಬೆಟ್ಟಕ್ಕೆ ಹೋಗುವವರಿಗೆ ಒಂಬತ್ತು ನಿಯಮ ಬರೆದಿಟ್ಟಿದ್ದಾರೆ. ಎಂಟನೆಯದು, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ಅಲ್ಲ, ಹೇಳಿದ್ದರು, ಆ ಹುಡುಗರು.

ಗೈಡ್ ವಾಪಸ್ ಅಂದರೆ ವಾದ ಮಾಡಬೇಡ. ದುಡ್ಡು ಕಟ್ಟಿದ್ದೇನೆ ಅಂತ ಹಟ ಹಿಡಿಯಬೇಡ. ದಾರಿಗೆ ನೆಟ್ಟ ಕೋಲುಗಳನ್ನು ನಂಬಿ ಒಬ್ಬಳೇ ಮುಂದೆ ಹೋಗಬೇಡ. ಮುಂದಿನವರ ಬೆನ್ನು ಕಾಣದಿದ್ದರೆ ನಿಂತು ಕೂಗು. ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹಿಡಿದಿಟ್ಟುಕೊಂಡು ನಡುಕ ಹುಟ್ಟಿಸುತ್ತದೆ, ಉಣ್ಣೆಯದೇ ಹಾಕು. ಬೆರಳು ಮರಗಟ್ಟಿದರೆ ತಕ್ಷಣ ಹೇಳು, ಉಜ್ಜಬೇಡ. ಇದೆಲ್ಲ ನಿನಗೇ ಜಾಸ್ತಿ ಗೊತ್ತು, ಗುಲ್ಮರ್ಗ್‌ನಲ್ಲಿ ಕಲಿತು ಬಂದವಳು ನೀನು. ಆದರೂ.

ಜಾರುಬಂಡಿ ಎಳೆಯುವ ಅಭ್ಯಾಸಕ್ಕೆ ಅಂತ ನೀನು ಮೈದಾನದಲ್ಲಿ ಟೈರಿಗೆ ಹಗ್ಗ ಕಟ್ಟಿ ಸೊಂಟಕ್ಕೆ ಬಿಗಿದು ಎಳೆಯುತ್ತಿದ್ದಾಗ, ಎದುರು ಮನೆಯವರು ಏನ್ರೀ ನಿಮ್ಮ ಮಗಳಿಗೆ ಏನಾಯ್ತು ಅಂತ ಕೇಳಿದರು. ಎತ್ತಿಲ್ಲ, ಗಾಡಿ ಇವಳೇ ಎಳೆಯುತ್ತಾಳೆ ಅಂದೆ. ನಿನಗೆ ಹೇಳಿರಲಿಲ್ಲ. ಅವತ್ತು ಕಾಫಿಗೆ ಸಕ್ಕರೆ ಹಾಕುವುದನ್ನೂ ಮರೆತೆ, ಅಷ್ಟು ಖುಷಿ.

ಚಟ್ನಿಪುಡಿ ಬಲಗಡೆ ಜೇಬಿನಲ್ಲಿದೆ. ಟೈರನ್ನು ಅಮ್ಮ ಬಿಸಾಕು ಅಂತಿದ್ದಾಳೆ. ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ.

ಅಪ್ಪ