ಗೇಲಿ ಮಾಡಿ, ಆದರೆ ಸಿನಿಮಾ ಪೂರ್ತಿ ನೋಡಿ

ಮಾನ್ಯರೇ,

ಹಳೆಯ ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ತುಣುಕು ಹಾಕಿ ನಗುವ ವಿಡಿಯೊಗಳು ಈಗ ಜಾಸ್ತಿಯಾಗಿವೆ. ಗೇಲಿಯ ಬಗ್ಗೆ ನನ್ನ ತಕರಾರಿಲ್ಲ. ಸಿನಿಮಾ ನೋಡದೆ ಸುಮ್ನೆ ಆಡಿಕೊಳ್ಳುವುದು ನನಗೆ ಹಿಡಿಸುವುದಿಲ್ಲ.

ಈ ಬಗೆಯ ಹಾಸ್ಯವನ್ನು ಜನಪ್ರಿಯ ಮಾಡಿದ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಟಿವಿ ಕಾರ್ಯಕ್ರಮ ಶುರುವಾಗಿದ್ದು 1988ರಲ್ಲಿ, ಅಮೆರಿಕದ ಮಿನೆಸೋಟದ ಒಂದು ಸ್ಥಳೀಯ ಚಾನೆಲ್‌ನಲ್ಲಿ. ಅದನ್ನು ಹುಟ್ಟುಹಾಕಿದ ಜೋಯೆಲ್ ಹಾಡ್ಗ್‌ಸನ್ ಮತ್ತು ಎರಡು ಬೊಂಬೆ ರೋಬೋಗಳು ಪರದೆಯ ಕೆಳಗೆ ನೆರಳಾಗಿ ಕೂರುತ್ತಿದ್ದರು. ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು. ಪಾತ್ರಗಳು ಮಾತು ನಿಲ್ಲಿಸಿದಾಗ ಇವರು ಒಂದು ಸಾಲು ಸೇರಿಸುತ್ತಿದ್ದರು. ಮುಂದೆ ಅದಕ್ಕಾಗಿ ಬರಹಗಾರರು ಅದೇ ಸಿನಿಮಾವನ್ನು ಮತ್ತೆ ಮತ್ತೆ ನೋಡಿ ಬರೆಯತೊಡಗಿದರು. ಎಂಥ ತಾಳ್ಮೆ!

ಅವರ ಕೈಗೆ ಸಿಕ್ಕ 1953ರ ‘ರೋಬೋಟ್ ಮಾನ್‌ಸ್ಟರ್’ ನನಗೆ ಬಹಳ ಇಷ್ಟ. ಬೇರೆ ಗ್ರಹದಿಂದ ಬಂದ ರಾಕ್ಷಸನಿಗೆ ಗೊರಿಲ್ಲಾ ವೇಷ, ತಲೆಗೊಂದು ಹೆಲ್ಮೆಟ್. ಗುಹೆಯ ಬಾಯಲ್ಲಿ ಅವನ ಯಂತ್ರ ಗುಳ್ಳೆ ಊದುತ್ತಲೇ ಇರುತ್ತದೆ. ನಗು ಬಂದೇ ಬರುತ್ತದೆ, ಅಲ್ವಾ? ಆದರೆ ಆ ಗೊರಿಲ್ಲಾ ವೇಷ ನಟ ಜಾರ್ಜ್ ಬ್ಯಾರೋಸ್ ಅವರ ಸ್ವಂತದ್ದು. ಸಂಗೀತ ಎಲ್ಮರ್ ಬರ್ನ್‌ಸ್ಟೈನ್ ಅವರದ್ದು. 1960ರ ಹೆಸರಾಂತ ಸಿನಿಮಾ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ಗೆ ಸಂಗೀತ ಕೊಟ್ಟವರೂ ಇವರೇ. ದುಡ್ಡಿಲ್ಲದ ಆ ಸಿನಿಮಾಕ್ಕೂ ಅವರು ಮನಸ್ಸಿಟ್ಟು ಕೆಲಸ ಮಾಡಿದ್ದು ಕೇಳಿದರೆ ಗೊತ್ತಾಗುತ್ತದೆ. ಹತ್ತು ಸೆಕೆಂಡಿನ ತುಣುಕಿನಲ್ಲಿ ಇದೆಲ್ಲ ಎಲ್ಲಿ ಕಾಣಬೇಕು?

ವಿಡಿಯೊ ಮಾಡುವವರು ಕನಿಷ್ಠ ಸಿನಿಮಾದ ಹೆಸರು, ಇಸವಿಯನ್ನಾದರೂ ಹಾಕಲಿ. ಆಸೆ ಇದ್ದವರು ಹುಡುಕಿ ನೋಡುತ್ತಾರೆ.

ಇತಿ,
ನಿಮ್ಮ ಓದುಗ