ಗೆಳೆಯನಿಗೊಂದು ಪತ್ರ: ಹಣ್ಣಿನ ಗಿಡ ತರೋಕೆ ಮುಂಚೆ

ಪ್ರೀತಿಯ ಗೆಳೆಯ,

ಮನೆ ಹಿಂದೆ ಜಾಗ ಇದೆ, ಐದಾರು ಹಣ್ಣಿನ ಗಿಡ ಹಾಕ್ಬೇಕು, ಸೇಬೂ ಬೇಕು ಅಂತ ಬರ್ದಿದ್ಯಲ್ಲ, ಓದಿ ತುಂಬಾ ಖುಷಿ ಆಯ್ತು ಕಣೋ. ಆದ್ರೆ ಸೇಬು ಅಂದ್ಯಲ್ಲ, ಅದಕ್ಕೇ ಕೂತ್ಕೊಂಡು ಇಷ್ಟುದ್ದ ಬರೀತಿದೀನಿ.

ನಾನು ಮೊದಲು ತಂದ ಸೇಬಿನ ಗಿಡ ಯಾವ ತಳಿ ಅಂತ ಕೇಳಿರ್ಲಿಲ್ಲ, ಮಾರಿದವರು ಎಲ್ಲಾ ಕಡೆ ಬರುತ್ತೆ ಅಂದ್ರು, ನಂಬ್ದೆ. ಚಳಿಗಾಲ ಮುಗಿದು ಬಿಸಿಲು ಏರಿದ್ರೂ ಕೊಂಬೆಯೆಲ್ಲಾ ಬೋಳು, ತುದೀಲಿ ಮಾತ್ರ ಒಂದು ಹಿಡಿ ಎಲೆ. ಸತ್ತೇ ಹೋಯ್ತೇನೋ ಅಂತ ಉಗುರಲ್ಲಿ ತೊಗಟೆ ಕೆರೆದು ನೋಡಿದ್ರೆ ಒಳಗೆ ಹಸಿಹಸಿ ಹಸಿರು! ಗಿಡಕ್ಕೆ ಜೀವ ಇದೆ, ನಿದ್ದೆಯಿಂದ ಏಳೋಕೆ ಆಗ್ತಿಲ್ಲ. ಮೂರು ವರ್ಷ ಕಾದೆ, ಒಂದು ಹೂವೂ ಬಿಡ್ಲಿಲ್ಲ, ತುಂಬಾ ಸಂಕಟ ಆಗಿತ್ತು ಆಗ.

ಯಾಕೆ ಅಂತ ಆಮೇಲೆ ತಿಳೀತು. ಸೇಬು, ಪೀಚ್, ಪ್ಲಮ್ ಎಲ್ಲಾ ಚಳಿಗೆ ಎಲೆ ಉದುರಿಸಿ ಮಲಗೋ ಮರಗಳು, ಸುಮಾರು 7 ಡಿಗ್ರಿಗಿಂತ ಕಡಿಮೆ ಚಳೀಲಿ ಇಂತಿಷ್ಟು ಗಂಟೆ ಕಳೆದ್ರೇನೇ ಮೊಗ್ಗು ಸರಿಯಾಗಿ ಒಡೆಯೋದು, ಇದಕ್ಕೆ ಚಿಲ್ಲಿಂಗ್ ಅವರ್ಸ್ ಅಂತಾರೆ. ಎಷ್ಟೋ ಸೇಬಿನ ತಳಿಗಳಿಗೆ 800ರಿಂದ 1000 ಗಂಟೆ ಬೇಕು, ಬೆಚ್ಚಗಿನ ಊರಲ್ಲಿ ಅಷ್ಟು ಚಳಿ ಎಲ್ಲಿಂದ ಬರ್ಬೇಕು ಹೇಳು. ಇಸ್ರೇಲಿನ ಆನ್ನಾ, ಬಹಾಮಾಸ್‌ನ ಡಾರ್ಸೆಟ್ ಗೋಲ್ಡನ್ ಅನ್ನೋ ಎರಡು ಸೇಬಿನ ತಳಿಗೆ 300 ಗಂಟೆ ಒಳಗೇ ಸಾಕು, ಹೂವೂ ಹೆಚ್ಚುಕಮ್ಮಿ ಒಂದೇ ಟೈಮಿಗೆ ಬಿಡ್ತವೆ, ಅದಕ್ಕೆ ಎರಡನ್ನೂ ಹತ್ರಹತ್ರ ಹಾಕಿದ್ರೆ ಒಂದರ ಪರಾಗ ಇನ್ನೊಂದಕ್ಕೆ ಸಿಕ್ಕಿ ಕಾಯಿ ಚೆನ್ನಾಗಿ ಕಚ್ಚುತ್ತೆ. ಪೀಚ್ ಬೇಕಂದ್ರೆ ಫ್ಲೋರ್ಡಾಪ್ರಿನ್ಸ್ ನೋಡು, 150 ಗಂಟೆ ಆಸುಪಾಸು. ನಿನ್ ಕಡೆ ಅಷ್ಟೂ ಚಳಿ ಬೀಳಲ್ಲ ಅಂದ್ರೆ ಸೇಬಿನ ಆಸೆ ಬಿಟ್ಬಿಡು ಮಾರಾಯ, ಆ ಜಾಗದಲ್ಲಿ ಖುಷಿಯಾಗಿ ಬೆಳೆಯೋ ಮರಗಳು ಬೇಕಾದಷ್ಟಿವೆ.

ಮಾವಿಗೆ ಆಮ್ರಪಾಲಿ ಅಂತ ಕಣ್ಮುಚ್ಚಿ ಹೇಳ್ತೀನಿ. ದಶಹರಿ, ನೀಲಂ ಅನ್ನೋ ಎರಡು ಮಾವಿನ ತಳಿ ಬೆರೆಸಿ 1971ರಲ್ಲಿ ಹೊರಗೆ ಬಂದ ತಳಿ. ದಶಹರಿ ಒಂದು ವರ್ಷ ಬಿಟ್ರೆ ಇನ್ನೊಂದು ವರ್ಷ ಕೈಕೊಡುತ್ತೆ, ಇದು ವರ್ಷಾವರ್ಷ ಬಿಡುತ್ತೆ, ಮರಾನೂ ಗಿಡ್ಡ, ಮನೆ ಹಿತ್ತಲಿಗೆ ಅದೇ ಮುಖ್ಯ ತಾನೆ. ಸೀಬೆ ಒಂದು ಇರ್ಲೇಬೇಕು, ಹೊಸ ಚಿಗುರಲ್ಲೇ ಹೂ ಬಿಡೋದ್ರಿಂದ ಎಷ್ಟು ಸವರಿದ್ರೂ ಬೇಜಾರಿಲ್ಲ, ನಿನ್ ಎತ್ತರಕ್ಕೇ ಇಟ್ಕೋಬಹುದು. ಅಂಜೂರ ತಗೊಂಡ್ರೆ ಬ್ರೌನ್ ಟರ್ಕಿ ಥರದ್ದು ತಗೋ, ಸ್ಮಿರ್ನಾ ಜಾತಿಗೆ ಒಂದು ಪುಟ್ಟ ಕಣಜ ಬಂದು ಪರಾಗ ಮುಟ್ಟಿಸ್ದೇ ಕಾಯಿ ನಿಲ್ಲಲ್ಲ.

ಇನ್ನೊಂದು, ಮಾವು ಕಸಿ ಗಿಡಾನೇ ತಗೋ. ನೆಡುವಾಗ ಕಸಿ ಕಟ್ಟಿದ ಗಂಟು ಮಣ್ಣಿಂದ ಮೇಲಿರ್ಲಿ, ಗಂಟಿನ ಕೆಳಗಿಂದ ಚಿಗುರು ಬಂದ್ರೆ ಕಂಡ ದಿನಾನೇ ಕಿತ್ತಾಕು, ಇಲ್ಲಾಂದ್ರೆ ಅದೇ ದಪ್ಪ ಆಗಿ ಮೇಲಿನ ತಳೀನ ಸೊರಗಿಸಿಬಿಡುತ್ತೆ. ಮೊದಲೆರಡು ವರ್ಷ ಹೂ ಬಂದ್ರೂ ಚಿವುಟಬೇಕು, ಮನಸ್ಸು ಬರಲ್ಲ ಗೊತ್ತು.

ಈಗ ಒಂದ್ ಕೆಲ್ಸ ಮಾಡು, ಹಿತ್ತಲಲ್ಲಿ ಒಂದು ಥರ್ಮಾಮೀಟರ್ ತೂಗಾಕಿ ಈ ಚಳಿಗಾಲ ಪೂರ್ತಿ ಬೆಳಗಿನ ಜಾವದ ಲೆಕ್ಕ ಬರೆದಿಟ್ಕೋ, ಬಿಸಿಲು ಎಲ್ಲಿ ಎಷ್ಟೊತ್ತು ಬೀಳುತ್ತೆ ಅಂತಾನೂ ನೋಡ್ಕೋ. ಅದನ್ನ ನಂಗೆ ಕಳ್ಸು, ಯಾವ ಗಿಡ ಎಲ್ಲಿ ಅಂತ ಇಬ್ರೂ ಸೇರಿ ಕೂತು ತೀರ್ಮಾನ ಮಾಡೋಣ.

ನಿನ್ನ ಗೆಳೆಯ