ಶಾಲ್ಮಲಾ ಎಂದು ಇಡುವುದಾದರೆ

ಶಿರಸಿ

ಪ್ರೀತಿಯ ಕೂಸೆ,

ಮಗುವಿಗೆ ಶಾಲ್ಮಲಾ ಅಂತ ಇಡುವ ಮನಸ್ಸಿದೆ, ಅರ್ಥವೇನು, ಇಡಬಹುದೋ ಬೇಡವೋ ಅಂತ ಕೇಳಿದ್ದೀಯಲ್ಲ. ಧಾರಾಳ ಇಡಬಹುದು. ಆದರೆ ನಾಲ್ಕು ದಿಕ್ಕಿನಿಂದ ತಕರಾರು ಬರುವ ಹೆಸರು ಇದು. ಉತ್ತರ ನಿನ್ನ ಕೈಯಲ್ಲಿರಲಿ ಅಂತ ಉದ್ದಕ್ಕೇ ಬರೆಯುತ್ತಿದ್ದೇನೆ.

ಹೆಸರಿನ ಮೂಲ ಶಾಲ್ಮಲಿ, ಅಂದರೆ ಬೂರುಗದ ಮರ, ಕೆಂಪು ಹೂವಿನ ಮುಳ್ಳು ಬೂರುಗ. ಹಿಂದಿಯವರ ಸೇಮಲ್, ಮರಾಠಿಯ ಕಾಟೇಸಾವರ ಇದೇ. ಫೋನಿನಲ್ಲಿ ಹುಡುಕಿದರೆ ಸಿಗುವ ‘ದೇವಿ’, ‘ಸುಂದರಿ’ ಎಂಬ ಅರ್ಥಗಳನ್ನು ನಂಬಬೇಡ. ಮಾಘದ ಹೊತ್ತಿಗೆ ಎಲೆಯೆಲ್ಲ ಉದುರಿ, ಬೋಳು ಕೊಂಬೆಯ ಮೇಲೆ ಬರೀ ಹೂವಿರುತ್ತದೆ. ಐದು ದಪ್ಪ ಎಸಳು, ನಡುವೆ ಕೇಸರಗಳ ಗೊಂಚಲು, ಕೆಳಗೆ ಬಟ್ಟಲಿನಂಥ ತೊಟ್ಟು. ಬಿದ್ದರೆ ಸದ್ದಾಗುವಷ್ಟು ಭಾರದ ಹೂವು. ಎಳೆಯ ಮರದ ಕಾಂಡದ ತುಂಬ ಬುಡ ದಪ್ಪಗಿರುವ ಮೊಂಡು ಮುಳ್ಳು. ಮರ ಬಲಿತ ಹಾಗೆ ಬುಡದ ಮುಳ್ಳು ಸವೆದು ಹೋಗುತ್ತವೆ. ಬೇಸಿಗೆಯಲ್ಲಿ ಕಾಯಿ ಒಡೆದು ಅರಳೆ ಹಾರುತ್ತದೆ. ಎಳೆ ಗಿಡ್ಡ, ನುಣುಪು, ಹಾಗಾಗಿ ನೂಲಲು ಬರುವುದಿಲ್ಲ, ದಿಂಬಿಗೆ ಮಾತ್ರ.

ಹೆಸರು ತೀರಾ ಹಳೆಯದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಮದುವೆಯ ಸೂಕ್ತ ಇದೆ, 85ನೆಯದು. ಅದರ 20ನೆಯ ಮಂತ್ರದಲ್ಲಿ ಸೂರ್ಯೆ ಎಂಬ ವಧು ಗಂಡನ ಮನೆಗೆ ಹೊರಡುವ ರಥ ಮುತ್ತುಗ ಮತ್ತು ಶಲ್ಮಲಿಯದು. ಅಲ್ಲಿ ಮೊದಲಕ್ಷರ ಹ್ರಸ್ವ, ದೀರ್ಘ ಆದದ್ದು ಆಮೇಲೆ. ಪುರಾಣದ ಏಳು ದ್ವೀಪಗಳಲ್ಲಿ ಜಂಬೂ, ಪ್ಲಕ್ಷ ಆದ ಮೇಲೆ ಮೂರನೆಯದು ಶಾಲ್ಮಲ ದ್ವೀಪ. ಬಾಣಭಟ್ಟನ ‘ಕಾದಂಬರಿ’ಯ ಕಥೆ ಹೇಳುವ ಗಿಳಿ ಹುಟ್ಟಿದ್ದು ಪಂಪಾ ಸರೋವರದ ಬದಿಯ ಹಳೆ ಶಾಲ್ಮಲಿಯ ಪೊಟರೆಯಲ್ಲಿ. ಹಿತೋಪದೇಶದ ಮೊದಲ ಭಾಗದ ಕಥೆ ಶುರುವಾಗುವುದೂ ಗೋದಾವರಿ ದಡದ ದೊಡ್ಡ ಶಾಲ್ಮಲಿಯಿಂದಲೇ.

ನಮ್ಮ ಕಡೆಯವರಿಗೆ ಮಾತ್ರ ಮರಕ್ಕಿಂತ ಮೊದಲು ನೆನಪಾಗುವುದು ಹೊಳೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವುದೂ ಶಾಲ್ಮಲಾ, ನಮ್ಮ ಸಹಸ್ರಲಿಂಗದ ಬಂಡೆಗಳ ಮೇಲೆ ಹರಿಯುವುದೂ ಶಾಲ್ಮಲಾ. ಎರಡೂ ಬೇಡ್ತಿಯ ಕೂಡುಹೊಳೆಗಳು. ಬೇಡ್ತಿ ಘಟ್ಟ ಇಳಿದು ಗಂಗಾವಳಿಯಾಗಿ ಅಂಕೋಲೆ–ಗೋಕರ್ಣದ ನಡುವೆ ಸಮುದ್ರ ಸೇರುತ್ತದೆ. ‘ಯಾವ ಶಾಲ್ಮಲಾ’ ಅಂತ ಯಾರಾದರೂ ಕೇಳಿದರೆ ಸಹಸ್ರಲಿಂಗದ್ದು ಅನ್ನು, ಸಾಕು. ನಮ್ಮ ಜಿಲ್ಲೆಯ ಹೊಳೆಗಳಲ್ಲಿ ಶರಾವತಿಯನ್ನು ಹೆಣ್ಣುಮಕ್ಕಳಿಗೆ ಇಡುವುದುಂಟು. ಅಘನಾಶಿನಿ ಚಂದದ ಹೆಸರೇ, ಆದರೆ ಕರೆಯುವಷ್ಟರಲ್ಲಿ ಕೂಸು ಅಂಗಳ ದಾಟಿರುತ್ತದೆ. ಶಾಲ್ಮಲಾ ಎರಡರ ನಡುವಿನದು.

ಎಷ್ಟು ಜನ ಇಡುತ್ತಾರೆ ಅಂತ ಕೇಳಿದ್ದೀಯ. ಹೆಸರಿನ ಜಾಲತಾಣದವರು ಕೊಡುವ ‘ಜನಪ್ರಿಯತೆ’ಯ ಅಂಕಿಯನ್ನು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಣ್ಣಿಗೆ ಕಾಣುವುದು ಇಷ್ಟು: ಮರಾಠಿಯಲ್ಲಿ ಶಾಲ್ಮಲಿ ಬಳಕೆಯಲ್ಲಿದೆ. ಹಿಂದಿ ಸಿನಿಮಾಕ್ಕೆ ಹಾಡುವ ಶಾಲ್ಮಲಿ ಖೋಲ್ಗಡೆಯಿಂದ ಹುಡುಗರಿಗೂ ಆ ರೂಪ ಗೊತ್ತು, ಕಾರವಾರದ ಕಡೆ ಅದನ್ನು ಹೊಸದು ಅನ್ನುವುದಿಲ್ಲ. ‘ಲಾ’ಕಾರದ್ದು ನಮ್ಮ ಹೊಳೆಯದು, ಅಪರೂಪ. ಒಂದೇ ತರಗತಿಯಲ್ಲಿ ಇಬ್ಬರು ಶಾಲ್ಮಲಾ ಸಿಗುವುದು ಕಷ್ಟ.

ಇನ್ನು ತಕರಾರು. ಭಟ್ಟರು ಓದಿಕೊಂಡವರಾದರೆ ಮನುಸ್ಮೃತಿಯ ಮೂರನೆಯ ಅಧ್ಯಾಯದ ಒಂಬತ್ತನೆಯ ಶ್ಲೋಕ ತೆಗೆಯುತ್ತಾರೆ: ನಕ್ಷತ್ರ, ಮರ, ನದಿಯ ಹೆಸರಿನ ಕನ್ಯೆ ಮದುವೆಗೆ ಬೇಡ ಎಂಬುದು. ನಮ್ಮ ಹೆಸರು ಮರವೂ ಹೌದು, ನದಿಯೂ ಹೌದು, ಎರಡು ಪಟ್ಟು ದೋಷ! ಜಗಳಕ್ಕೆ ಹೋಗಬೇಡ. ರೋಹಿಣಿ, ರೇವತಿ, ತುಳಸಿ, ಗಂಗಾ, ಕಾವೇರಿ ಇಲ್ಲದ ಕುಟುಂಬ ಯಾವುದಿದೆ ಅಂತ ಕೇಳು, ಅವರೇ ನಗುತ್ತಾರೆ. ಮನೆಯ ಸಂಸ್ಕಾರಗಳ ವಿಧಿ ಹೇಳುವ ಪಾರಸ್ಕರ ಗೃಹ್ಯಸೂತ್ರ ಹೆಣ್ಣಿನ ಹೆಸರಿಗೆ ಕೇಳುವುದು ಬೆಸ ಅಕ್ಷರ, ಕೊನೆಗೆ ಆಕಾರ. ಶಾ–ಲ್ಮ–ಲಾ, ಮೂರು ಅಕ್ಷರ, ಆಕಾರಾಂತ. ಅಲ್ಲಿಗೆ ಆ ಮಾತು ಮುಗಿಯಿತು. ನಕ್ಷತ್ರದ ಅಕ್ಷರ ಹೊಂದದಿದ್ದರೂ ತೊಂದರೆಯಿಲ್ಲ. ನಕ್ಷತ್ರನಾಮ, ಮಾಸನಾಮ ಬೇರೆ ಇಡುತ್ತಾರೆ. ಅಕ್ಕಿಯ ಮೇಲೆ ಉಂಗುರದಲ್ಲಿ ಬರೆಯುವಾಗ ವ್ಯಾವಹಾರಿಕ ನಾಮದ ಜಾಗದಲ್ಲಿ ಇದು ಬಂದರಾಯಿತು.

ಹಿರಿಯರು ಬೂರುಗದ ಮೇಲೆ ಇನ್ನೆರಡು ಮಾತು ಎತ್ತಬಹುದು. ಒಂದು, ಹಣ್ಣಾಗುತ್ತದೆಂದು ಬೂರುಗದ ಕಾಯಿ ಕಾದು ಮೋಸಹೋದ ಗಿಳಿಯದು. ಇನ್ನೊಂದು, ಭಾಗವತದ ಐದನೆಯ ಸ್ಕಂಧದ ನರಕಗಳಲ್ಲಿ ವಜ್ರಕಂಟಕ ಶಾಲ್ಮಲಿ ಅಂತ ಒಂದಿದೆ. ಗಿಳಿಯ ಮಾತು ಗಿಳಿಯ ಆಸೆಯದ್ದು, ಮರದ್ದಲ್ಲ. ನರಕದ ಮಾತಿಗೆ ಅಮರಕೋಶ ತೋರಿಸು: ಪಿಚ್ಛಿಲಾ, ಪೂರಣೀ, ಮೋಚಾ, ಸ್ಥಿರಾಯು, ಎಲ್ಲವೂ ಶಾಲ್ಮಲಿಗೇ ಇರುವ ಹೆಸರು. ಕೂಸಿಗೆ ‘ಸ್ಥಿರಾಯು’ಗಿಂತ ದೊಡ್ಡ ಹಾರೈಕೆ ಯಾವುದಿದೆ ಅಂದರೆ ನಿನ್ನ ಅತ್ತೆಯವರೂ ಒಪ್ಪುತ್ತಾರೆ. ಗಾಳಿಗೇ ಹೆದರದವನು ಅಂತ ನಾರದನ ಹತ್ತಿರ ಕೊಚ್ಚಿಕೊಂಡು, ವಾಯು ಬರುವ ಮೊದಲೇ ತನ್ನ ಕೊಂಬೆ ತಾನೇ ಉದುರಿಸಿಕೊಂಡ ಶಾಂತಿಪರ್ವದ ಶಾಲ್ಮಲಿಯ ಕಥೆಯನ್ನು ಮಾತ್ರ ನೀನಾಗಿ ಎತ್ತಬೇಡ.

ನನಗೆ ನಿಜವಾಗಿ ಅಳುಕಿರುವುದು ಶಾಸ್ತ್ರದ್ದಲ್ಲ, ಬರವಣಿಗೆಯದು. ಶಾಲ್ಮಲಾ ಅಂದರೆ ಕೇಳಿದವರು ಶ್ಯಾಮಲಾ ಅಂತ ಬರೆದುಕೊಳ್ಳುತ್ತಾರೆ. ಕೊನೆಯ ದೀರ್ಘ ಬಿಟ್ಟರೆ ‘ಶಾಲ್ಮಲ’ ಆಗುತ್ತದೆ. ನಿರ್ಮಲಾ, ಕಮಲಾ ಅನ್ನುವಾಗ ಯಾರಿಗೂ ಹೊಳೆಯದ ‘ಮಲ’ ಹೊಸ ಹೆಸರಿನಲ್ಲಿ ಶಾಲೆಯ ಹುಡುಗರಿಗೆ ಬೇಗ ಹೊಳೆಯುತ್ತದೆ. ಹಾಗಾಗಿ ‘ಲಾ’ ದೀರ್ಘವನ್ನು ಎಲ್ಲ ಕಾಗದದಲ್ಲೂ ಕಾಯಬೇಕು. ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವಾಗ ಲ ಒತ್ತಿದ ಮೇಲೆ ಎಫ್ ಒತ್ತಿ ಮ ಒತ್ತಬೇಕು, ಆಗ ಲ್ಮ ಮೂಡುತ್ತದೆ. ಎಫ್ ತಪ್ಪಿದರೆ ‘ಶಾಲಮಲಾ’. ಇಂಗ್ಲಿಷಿನಲ್ಲಿ ಎಸ್ ಎಚ್ ಎ ಎಲ್ ಎಂ ಎ ಎಲ್ ಎ, ಎಂಟೇ ಅಕ್ಷರ. ಮೊದಲ ದೀರ್ಘಕ್ಕೆಂದೋ ಸಂಖ್ಯಾಶಾಸ್ತ್ರಕ್ಕೆಂದೋ ಇನ್ನೊಂದು ಎ ಸೇರಿಸಬೇಡ, ಪಾಸ್‌ಪೋರ್ಟಿನವರೆಗೂ ಅದು ಕಾಡುತ್ತದೆ.

ಜನನ ನೋಂದಣಿಗೆ 21 ದಿನದ ಗಡುವು. ಅಷ್ಟರೊಳಗೆ ಹೆಸರು ನಿರ್ಧಾರವಾಗದಿದ್ದರೆ ಹೆಸರಿಲ್ಲದೆಯೇ ನೋಂದಣಿ ಆಗಲಿ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲಾದರೆ 15 ವರ್ಷದ ತನಕ ತಡ ಶುಲ್ಕ ಕಟ್ಟಿ. ಆಸ್ಪತ್ರೆಯ ಗಡಿಬಿಡಿಯಲ್ಲಿ ಬಾಯಲ್ಲಿ ಹೇಳಿ ತಪ್ಪು ಬರೆಸುವುದಕ್ಕಿಂತ ಖಾಲಿ ಬಿಡುವುದೇ ಮೇಲು. ಹೇಳಲೇಬೇಕಾದರೆ ಎರಡೂ ಲಿಪಿಯಲ್ಲಿ ಚೀಟಿ ಬರೆದು ಕೊಡು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ, ಹಾಗಾಗಿ ಅದೊಂದು ಸರಿಯಿರಬೇಕು. ಪತ್ರ ಕೈಗೆ ಬಂದ ಕೂಡಲೇ ಕನ್ನಡ ಸಾಲನ್ನೂ ಇಂಗ್ಲಿಷ್ ಸಾಲನ್ನೂ ಬೇರೆ ಬೇರೆಯಾಗಿ ಓದು.

ಆಧಾರ್ ಮಾಡಿಸುವಾಗ ಇಂಗ್ಲಿಷ್ ಹೆಸರು ಹೊಡೆದರೆ ಕನ್ನಡದ್ದು ತನ್ನಷ್ಟಕ್ಕೇ ಮೂಡುತ್ತದೆ, ‘ಶಲ್ಮಲ’ ಅಂತಲೋ ಇನ್ನೇನೋ. ತೆರೆ ಈ ಕಡೆ ತಿರುಗಿಸಿ ಅಂತ ಕೇಳಿ, ನೋಡಿ, ತಿದ್ದಿಸಿದ ಮೇಲೆಯೇ ರಸೀದಿ ತೆಗೆದುಕೊ. ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಒಂದನ್ನು ಈಗಲೇ ಕಳೆಯುವುದು ಬೇಡ. ಶಾಲೆಯ ದಾಖಲೆಯಲ್ಲಿ ಎಸ್ಸೆಸ್ಸೆಲ್ಸಿಗೆ ಮೊದಲು ತಿದ್ದಿಸುವುದು ಸುಲಭ, ಅಂಕಪಟ್ಟಿ ಬಂದ ಮೇಲೆ ಓಡಾಟ.

ಮನೆಯಲ್ಲಿ ಶಾಲೂ ಅಂತ ಕರೆಯಲು ಅಡ್ಡಿಯಿಲ್ಲ. ನಾಮಕರಣದ ಹಿಂದಿನ ದಿನವೇ ಭಟ್ಟರಿಗೆ ಹೆಸರು ಬರೆದುಕೊಟ್ಟಿರು, ಅಕ್ಕಿಯ ಮೇಲೂ ಕೆಲವರು ಶ್ಯಾಮಲಾ ಬರೆದುಬಿಡುತ್ತಾರೆ.

ಇತಿ,
ಆಯಿ